ಮೀನಿನ ಖರ್ಚು

ದಿವಾಳಿ ಅರ್ಜಿ ಹಾಕಲಿಕ್ಕೂ ಮನೆಖರ್ಚಿನ ಲೆಕ್ಕ ಕೊಡಬೇಕೆಂದು ನನಗೆ ಗೊತ್ತಿರಲಿಲ್ಲ. ದುಡ್ಡೇ ಇಲ್ಲ ಎಂದು ಹೇಳಲು ಹೋಗುವವರಿಗೆ ಲೆಕ್ಕ ಎಂಥದ್ದು? ಕಾರವಾರದ ನಮ್ಮ ವಕೀಲರು, ಅಪ್ಪನ ವಯಸ್ಸಿನವರು, ಕನ್ನಡಕದ ಮೇಲಿಂದ ನೋಡಿ, "ತಂಗೀ, ತಿಂಗಳಿಗೆ ಬರೂದು ಎಷ್ಟು, ಹೋಗೂದು ಎಷ್ಟು, ಉಪ್ಪಿನಿಂದ ಹಿಡಿದು ಬರಕೊಂಡು ಬಾ. ಸಾಲ ಕೊಟ್ಟವರ ಹೆಸರು ಒಂದೂ ಬಿಡಬೇಡ. ಒಂದು ಮುಚ್ಚಿಟ್ರೂ ಅರ್ಜಿ ಬಿದ್ದುಹೋಗ್ತದೆ, ಮೇಲಿಂದ ಜೈಲಿನ ಮಾತೂ ಬರ್ತದೆ" ಅಂದರು. ಪಕ್ಕದಲ್ಲಿ ಕೂತಿದ್ದ ನಮ್ಮವರು ನೆಲ ನೋಡುತ್ತಿದ್ದರು. ಅದನ್ನು ಕಂಡೇ ನನಗೆ ಹೆದರಿಕೆ ಹತ್ತಿತು.

ಯಾಕೆಂದರೆ ಮುಚ್ಚಿಡುವುದರಲ್ಲಿ ಇವರದು ಎತ್ತಿದ ಕೈ. ತೋಡೂರಿನ ಹತ್ತಿರ ಖಾನಾವಳಿ ಇಟ್ಟಿದ್ದರು. ಕಟ್ಟಡ ಕೆಲಸದವರಿಗೆ ಎರಡು ಹೊತ್ತು ಮೀನೂಟ, ದುಡ್ಡು ಮಾತ್ರ ಗುತ್ತಿಗೆದಾರ ತಿಂಗಳ ಕೊನೆಗೆ ಕೊಡುವುದು. ಆ ಪುಣ್ಯಾತ್ಮ ಒಂದು ದಿನ ಶೆಡ್ಡು ಕಿತ್ತುಕೊಂಡು ಹೋದವನು ಮತ್ತೆ ಫೋನು ಎತ್ತಲಿಲ್ಲ. ಉಂಡವರು ಹೋದರು, ಸಾಲ ಉಳಿಯಿತು. ಒಂದನ್ನು ತೀರಿಸಲು ಇನ್ನೊಂದು, ಅದಕ್ಕೆ ಮತ್ತೊಂದು. ಇವೆಲ್ಲ ನನಗೆ ತಿಳಿದದ್ದು ಇವರ ಬಾಯಿಂದಲ್ಲ, ಬಾಗಿಲು ಬಡಿದವರಿಂದ. ಹಾರವಾಡದ ನಮ್ಮ ಬಾಡಿಗೆ ಮನೆಯ ಎದುರು ಬೈಕು ನಿಂತ ಸದ್ದಾದರೆ ಇವರು ಹಿತ್ತಿಲಿಗೆ ಹೋಗಿಬಿಡುತ್ತಿದ್ದರು. ಬಾಗಿಲು ತೆಗೆಯುವವಳು ನಾನು. ನಗುಮುಖ ಮಾಡಿ ಮಾತಾಡಿಸಿ ಕಳಿಸಿ, ಆಮೇಲೆ ಹೊಸ್ತಿಲ ಮೇಲೇ ಕೂರುತ್ತಿದ್ದೆ.

ಲೆಕ್ಕ ಬರೆಯಲು ಕೂತೆ. ಅಂಕೋಲಾದ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು, ಬರೆಯುವುದು ನನಗೆ ಹೊಸತಲ್ಲ. ಬಾಡಿಗೆ, ಅಕ್ಕಿ, ಗ್ಯಾಸು, ಕರೆಂಟು, ಮಗಳ ಬಸ್ ಪಾಸು, ಅತ್ತೆಯ ಸಕ್ಕರೆ ಕಾಯಿಲೆಯ ಗುಳಿಗೆ. ಮೀನು ಎಂದು ಬರೆದವಳು ಅಲ್ಲೇ ನಿಂತೆ. ಆ ತಿಂಗಳು ಮೀನಿಗೆಂದು ನಾನು ಒಂದು ಪೈಸೆ ಕೊಟ್ಟಿರಲಿಲ್ಲ. ಆದರೆ ಅಡುಗೆಮನೆಯಲ್ಲಿ ಮೀನಿಗೆ ಬರವೇನೂ ಇರಲಿಲ್ಲ. ಒಂದು ದಿನ ಬಂಗಡೆ, ಇನ್ನೊಂದು ದಿನ ತಾರ್ಲೆ. ವಾಕಿಂಗ್ ಎಂದು ನಸುಕಿನಲ್ಲಿ ಎದ್ದು ಹೋಗುವ ಇವರು ಬರುವಾಗ ಕೈಚೀಲದಲ್ಲಿ ತಂದು ಕಟ್ಟೆಯ ಮೇಲಿಡುತ್ತಿದ್ದರು. ಎಲ್ಲಿಂದ ಎಂದು ನಾನು ಕೇಳಿರಲಿಲ್ಲ. ಕೇಳಿದರೆ ಇನ್ನೊಂದು ಹೆಸರು ಹೊರಬೀಳುತ್ತದೆ ಎಂಬ ಹೆದರಿಕೆ.

ಮೀನು ಎಂದು ಬರೆದದ್ದನ್ನೇ ಹೊಡೆದುಹಾಕಿ ಕಾಗದ ತೆಗೆದುಕೊಂಡು ಒಬ್ಬಳೇ ಕಾರವಾರಕ್ಕೆ ಹೋದೆ. ವಕೀಲರು ಓದಿ ನಕ್ಕೇಬಿಟ್ಟರು. "ಹಾರವಾಡದ ಮನೆಯಲ್ಲಿ ಮೀನಿನ ಖರ್ಚಿಲ್ಲ ಅಂದ್ರೆ ಯಾವ ಕೋರ್ಟು ನಂಬ್ತದೆ ತಂಗೀ? ಎದುರು ವಕೀಲರು ಮೊದಲು ಇದನ್ನೇ ಹಿಡೀತಾರೆ." ಆಮೇಲೆ ನಗು ನಿಲ್ಲಿಸಿದರು. "ಉದ್ರಿ ತರ್ತಾ ಇದ್ರೆ ಅದೂ ಸಾಲವೇ. ಕೇಳ್ಕೊಂಡು ಬಾ."

ಬಸ್ಸಿನಲ್ಲಿ ಬರುವಾಗ ಕಿಟಕಿಯಾಚೆ ಏನಿತ್ತೋ ದೇವರಿಗೇ ಗೊತ್ತು. ಯಾರಿರಬಹುದು, ಎಷ್ಟಿರಬಹುದು ಎಂದೇ ಯೋಚಿಸುತ್ತಿದ್ದೆ. ಊಟಕ್ಕೆ ಕೂತಾಗ ಕೇಳಿಯೇಬಿಟ್ಟೆ. "ಈ ಮೀನು ಯಾರ ಹತ್ರ ಉದ್ರಿ?"

"ಉದ್ರಿ ಅಲ್ಲ."

"ಹಾಗಾದ್ರೆ ಸಮುದ್ರವೇ ಎದ್ದುಬಂದು ಕೊಟ್ಟು ಹೋಯ್ತಾ?"

"ಆ ಜಾಗ ಖಾಲಿ ಬಿಡು ಮಾರಾಯ್ತಿ" ಎಂದು ಚಮಚದಲ್ಲಿ ಅನ್ನ ಕಲಸಿದರು. ಇತ್ತೀಚೆಗೆ ಅದೊಂದು ಶುರುವಾಗಿತ್ತು, ಮೀನು ಸಾರನ್ನಕ್ಕೆ ಚಮಚ. ನನಗೆ ಉರಿದುಹೋಯಿತು. "ಸಾಲ ಮಾಡಿ ಸಾಹೇಬರಾದ್ರಾ? ಖಾಲಿ ಬಿಟ್ರೆ ಜೈಲಿಗೆ ನೀವು ಹೋಗ್ತ್ರಿ. ಇಲ್ಲಿ ಬಾಗಿಲು ತೆಗೆಯುವವಳು ನಾನು." ಒಳಗೆ ಅತ್ತೆ ಕೆಮ್ಮಿದರು. ಇವರು ಏಳದೆ ತಟ್ಟೆ ಖಾಲಿ ಮಾಡಿದರು.

ಮರುದಿನ ಇವರು ಹೊರಟ ಸ್ವಲ್ಪ ಹೊತ್ತಿಗೆ ನಾನೂ ಹೊರಟೆ. ದಾರಿಯಲ್ಲಿ ಯಾವುದೋ ಮನೆ, ಯಾವುದೋ ಅಂಗಡಿ ಎಂದು ನಾನೆಣಿಸಿದ್ದು. ಇವರು ನೆಟ್ಟಗೆ ಕಡಲಿಗೆ ಇಳಿದರು. ದಡದಲ್ಲಿ ರಂಪಣಿ ಬಲೆ ಬಿಟ್ಟಿದ್ದರು. ಸಮುದ್ರದೊಳಗೆ ಬಳಸಿ ಬಿಟ್ಟ ದೊಡ್ಡ ಬಲೆಯನ್ನು ಎರಡು ಬದಿಯಿಂದ ಜನ ಸಾಲಾಗಿ ನಿಂತು ಎಳೆಯುವುದು. ಈಗ ಅಪರೂಪವಾದರೂ ನಮ್ಮಲ್ಲಿ ಹಂಗಾಮಿನಲ್ಲಿ ಬಿಡುತ್ತಾರೆ. ಆ ಸಾಲಿನ ಕೊನೆಯಲ್ಲಿ, ಪ್ಯಾಂಟು ಮೊಣಕಾಲಿಗೆ ಮಡಚಿ, ತಲೆಗೆ ಟವೆಲು ಸುತ್ತಿ, ಇವರು ಹಗ್ಗ ಹಿಡಿದು ಹಿಂದೆ ಹಿಂದೆ ವಾಲುತ್ತಿದ್ದರು. ನಾವು ಮೀನು ತಿನ್ನುವವರೇ ಹೊರತು ಹಿಡಿಯುವವರಲ್ಲ. ಗಲ್ಲಾಪೆಟ್ಟಿಗೆಯ ಹಿಂದೆ ಇಸ್ತ್ರಿ ಅಂಗಿ ಹಾಕಿ ಕೂರುತ್ತಿದ್ದ ಮನುಷ್ಯ. ಕಣ್ಣು ನಂಬಲಿಲ್ಲ.

ಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಂಗಸೊಬ್ಬಳು ನನ್ನತ್ತ ತಿರುಗಿದಾಗ ಗುರುತು ಸಿಕ್ಕಿತು. ಖಾನಾವಳಿಗೆ ಮೀನು ಹಾಕುತ್ತಿದ್ದವಳು. ಅವಳಿಗೆ ಕೊಡಬೇಕಾದ ಬಾಕಿಯನ್ನು ನಾನೇ ಕೈಯಾರೆ ಬರೆದಿದ್ದೆ. ಹೆದರುತ್ತಲೇ ಕೇಳಿದೆ, "ಬಾಕಿಗೆ ಇವರನ್ನು ದುಡಿಸ್ತಾ ಇದ್ರಾ?"

"ಥೂ, ಎಂತ ಮಾತು. ಬಾಕಿ ಬೇರೆ, ಪಾಲು ಬೇರೆ" ಅಂದಳು. "ಹಗ್ಗ ಹಿಡದವರಿಗೆಲ್ಲ ಪಾಲು ಕೊಡೂದು ಇಲ್ಲಿ ನಮ್ಮಜ್ಜನ ಕಾಲದಿಂದ್ಲೂ ಉಂಟು. ಯಾರು ಎಂತ ಅಂತ ಕೇಳೂದಿಲ್ಲ. ನನ್ನ ಬಾಕಿ ನಾನು ಕೋರ್ಟಿಗೇ ಬಂದು ಕೇಳ್ತೆ, ಬಿಡೂದಿಲ್ಲ." ಬುಟ್ಟಿ ಸರಿಸುತ್ತ, "ಮೊದಲ ದಿನ ಕೈಯೆಲ್ಲ ಸುಲಿದುಹೋಗಿತ್ತು. ಬೇಡ ಅಂದ್ರೂ ಬಿಡಲಿಲ್ಲ ನಿನ್ನ ಗಂಡ" ಅಂದಳು.

ಆಗ ಚಮಚ ಅರ್ಥವಾಯಿತು. ಬಲೆ ದಡಕ್ಕೆ ಬಂದು, ಪಾಲು ಹಂಚಿ, ಇವರು ಚೀಲ ಹಿಡಿದು ತಿರುಗಿದಾಗ ನಾನು ಎದುರಿಗೇ ನಿಂತಿದ್ದೆ. ಕೈಯನ್ನು ಹಿಂದಕ್ಕೆ ಕಟ್ಟಿಕೊಂಡರು. ನಾನು ಎಳೆದು ನೋಡಿದೆ. ಅಂಗೈಯಲ್ಲಿ ಬೊಬ್ಬೆ ಒಡೆದು ಕೆಂಪಗಿತ್ತು, ಉಪ್ಪುನೀರು ಬೇರೆ. ಅಳು ಬಂತು, ಸಿಟ್ಟೂ ಬಂತು. "ಹೇಳೂಕೆ ಎಂತ ಆಗಿತ್ತು ನಿಮಗೆ?"

"ನಾಚಿಕೆ ಆಗಿತ್ತು."

ವಕೀಲರ ಮುಂದೆ ಮತ್ತೆ ಕೂತೆವು. ಇದನ್ನೂ ಬರುವ ಬಾಬ್ತಿನಲ್ಲಿ ತೋರಿಸಬೇಕು ಅಂದರು ಅವರು. ಗಳಿಕೆ ತೋರಿಸಿದರೆ ಅರ್ಜಿಯೇ ಬಿದ್ದೀತೆಂದು ನನಗೆ ಹೊಸ ಹೆದರಿಕೆ. ಅರ್ಜಿ ನಿಲ್ಲುತ್ತದೋ ಇಲ್ಲವೋ ಈಗಲೇ ಹೇಳಲಾಗದು ಎಂದೂ ಅಂದರು. "ಸಾಲ ಕೊಟ್ಟವರೆಲ್ಲ ಕೂತಿರ್ತಾರೆ. ಎಲ್ಲರ ಎದುರು ಹಗ್ಗ ಎಳೆದು ಮೀನು ತರ್ತೆ ಅಂತ ಹೇಳಬೇಕು. ಹೇಳ್ತ್ರಾ?"

ಹೆಂಡತಿಗೇ ಹೇಳಲು ನಾಚಿದ ಮನುಷ್ಯ. ನಾನು ಇವರತ್ತ ತಿರುಗಿದೆ. ಇವರು ಎರಡೂ ಕೈ ಮೇಜಿನ ಮೇಲಿಟ್ಟು, "ಹೇಳ್ತೆ" ಅಂದರು.

ಆ ಸಂಜೆ ಬಂಗಡೆ ಸಾರು. ಚಮಚ ನಾನು ಇಟ್ಟಿದ್ದೆ, ಇವರು ಮುಟ್ಟಲಿಲ್ಲ. ಖಾರ ತಾಗಿದಾಗೆಲ್ಲ ಹಲ್ಲು ಕಚ್ಚಿ ಉಣ್ಣುತ್ತಿದ್ದರು. ಅಷ್ಟರಲ್ಲಿ ಹೊರಗೆ ಬೈಕು ನಿಂತಿತು. ಎಂದಿನಂತೆ ಬಾಗಿಲು ತೆಗೆಯಬೇಕಾದವಳು ನಾನೇ. ನೆಲಕ್ಕೆ ಕೈಯೂರಿ ಏಳತೊಡಗಿದೆ.

"ಕೂತ್ಕ" ಅಂದರು ಇವರು. "ನಾನು ನೋಡ್ತೆ." ಎಂಜಲು ಕೈಯಲ್ಲೇ ಎದ್ದು ಹೋಗಿ ಬಾಗಿಲು ತೆಗೆದರು.