ತಮ್ಮನ ಟ್ರಕ್ಕಿಗೆ ಅಕ್ಕನ ಸಹಿ

ಜೆನೀವ್ ನೋವಾಕ್‌ಗೆ ಸಿಟ್ಟು ಬಂದಷ್ಟೂ ಮೀನು ಗರಿಗರಿಯಾಗುತ್ತದೆ ಎಂದು ಅಮೆರಿಕದ ಟೊಲೀಡೊ ಊರಿನ ಚರ್ಚಿನವರು ಆಡಿಕೊಳ್ಳುತ್ತಾರೆ. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ, ಮಾಂಸ ಮುಟ್ಟದ ಶುಕ್ರವಾರಗಳಂದು ಚರ್ಚಿನ ನೆಲಮಾಳಿಗೆಯಲ್ಲಿ ಊರವರಿಗೆಲ್ಲ ಮೀನು ಕರಿದು ಬಡಿಸುವವಳು ಅವಳು. ಈ ವರ್ಷದಷ್ಟು ಗರಿಗರಿ ಮೀನನ್ನು ಯಾರೂ ತಿಂದಿರಲಿಲ್ಲ.

ಉಳಿದ ದಿನ ಅವಳು ಶಾಲಾ ಬಸ್ಸು ಓಡಿಸುತ್ತಾಳೆ. ಮಂಡಿ ಸವೆದಿದೆ, ಜೂನ್‌ನಲ್ಲಿ ನಿವೃತ್ತಿ ಎಂದು ಆಸೆ ಇಟ್ಟುಕೊಂಡಿದ್ದಳು. ಆ ಆಸೆಗೆ ಮಣ್ಣು ಹಾಕಿದ್ದು ಒಂದು ಸಹಿ. ರಸ್ತೆಯ ಹಿಮ ತಳ್ಳುವ ದಂಧೆ ಮಾಡುತ್ತೇನೆಂದು ತಮ್ಮ ಲೆನಿ ಹೊಸ ಟ್ರಕ್ಕಿಗೆ ಸಾಲ ಕೇಳಿದಾಗ ಬ್ಯಾಂಕಿನವರು ಅವನ ಮುಖ ನೋಡಿ ಮೂಗು ಮುರಿದಿದ್ದರು. "ಬರೀ ಒಂದ್ ಸಹಿ ಕಣೇ ಜೆನ್. ನೀನೊಂದು ಸೆಂಟೂ ಕೊಡೋದ್ ಬೇಡ," ಎಂದಿದ್ದ. ಅಮ್ಮ ಸತ್ತ ಮೇಲೆ ಅವನನ್ನು ಸಾಕಿದವಳು ಇವಳೇ. ಜೊತೆ ಸಾಲಗಾರಳಾಗಿ ಸಹಿ ಹಾಕಿದಳು.

ಎರಡು ಚಳಿಗಾಲ ಹಿಮವೇ ಬೀಳಲಿಲ್ಲ. ಲೆನಿ ದಿವಾಳಿಯೆಂದು ಕೋರ್ಟಿಗೆ ಹೋದ. ಕೋರ್ಟು ಅವನ ಸಾಲಗಳನ್ನೆಲ್ಲ ಮನ್ನಾ ಮಾಡಿತು. ಬ್ಯಾಂಕು ಟ್ರಕ್ಕನ್ನು ಎಳೆದೊಯ್ದು ಮೂರು ಕಾಸಿಗೆ ಹರಾಜು ಹಾಕಿತು, ಉಳಿದ ಬಾಕಿಯನ್ನು ವಸೂಲಿ ಕಂಪನಿಗೆ ಮಾರಿತು. ಲೆನಿಗೆ ಮಾಫಿ ಸಿಕ್ಕಿತು, ಸಹಿ ಹಾಕಿದವಳಿಗೆ ಸಿಗಲಿಲ್ಲ. ಇದನ್ನೂ ನ್ಯಾಯ ಅನ್ನುತ್ತಾರೆ.

ಅಂದಿನಿಂದ ವಸೂಲಿಯ ಡಾಲ್ಟನ್ ದಿನಾ ಫೋನು ಮಾಡುತ್ತಾನೆ. ಕಟ್ಟದಿದ್ದರೆ ಕೇಸು ಹಾಕಿ ಸಂಬಳಕ್ಕೇ ಕೈ ಹಾಕುತ್ತೇವೆ ಎನ್ನುತ್ತಾನೆ. ಸೋತು ಕೂತ ಹುಡುಗನನ್ನು ಏನು ಕೇಳುವುದು ಎಂದು ಜೆನ್ ತಮ್ಮನ ಮುಂದೆ ಬಾಯಿ ಬಿಟ್ಟಿರಲಿಲ್ಲ.

ಆ ಶುಕ್ರವಾರ ಸೋತ ಹುಡುಗ ಹೊಸ ಜಾಕೆಟ್ ತೊಟ್ಟು ಸರದಿಯಲ್ಲಿ ನಿಂತಿದ್ದ. "ಮೇ ತಿಂಗಳು ಫ್ಲೋರಿಡಾಗೆ ಹೊರಟೆ. ತಲೆ ಮೇಲಿನ ಭಾರ ಇಳೀತಲ್ಲ," ಎಂದು ಹಿಂದೆ ನಿಂತ ಮುದುಕ ಸ್ಟಾಷ್‌ಗೆ ಹೇಳುತ್ತಿದ್ದ. ಜೆನ್ ಹಲ್ಲು ಕಚ್ಚಿಕೊಂಡು ಅವನ ತಟ್ಟೆಗೆ ಮೀನು, ಆಲೂಗಡ್ಡೆ ತುಂಬಿದ ಪಿರೋಗಿ ಕಡುಬು ಹಾಕಿದಳು. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಕೈಯೆಲ್ಲ ಎಣ್ಣೆ, ಮೊಣಕೈಯಲ್ಲೇ ಸ್ಪೀಕರ್ ಒತ್ತಿದಳು. ಡಾಲ್ಟನ್.

"ಇಗೋ, ಟ್ರಕ್ಕಿನ ಯಜಮಾನ್ರು ಇಲ್ಲೇ ಇದಾರೆ. ಅವರನ್ನೇ ಕೇಳು," ಎಂದು ಫೋನನ್ನು ಲೆನಿಯ ಮುಂದೆ ತಳ್ಳಿದಳು.

"ಯಾರು ಸರ್ ಮಾತಾಡೋದು?"

"ಲೆನಿ ನೋವಾಕ್."

ಅತ್ತ ದನಿ ಬೆಣ್ಣೆಯಾಯಿತು. "ಅಯ್ಯೋ, ಕ್ಷಮಿಸಿ ಸರ್. ನಿಮ್ಮನ್ನ ನಾವು ಕೇಳೋ ಹಾಗೇ ಇಲ್ಲ. ತೊಂದರೆ ಆಯ್ತೇನೋ. ಸ್ವಲ್ಪ ನಿಮ್ಮಕ್ಕಂಗೆ ಫೋನ್ ಕೊಡ್ತೀರಾ?"

ಲೆನಿ ನಕ್ಕ. "ಪಾಪ, ಮರ್ಯಾದಸ್ಥ ಕಣೇ."

"ತಿಂಗಳಿಗಿಷ್ಟು ಅಂತ ನೀನು ಕಟ್ಟು ಲೆನಿ," ಎಂದಳು ಜೆನ್. "ಫ್ಲೋರಿಡಾ ಆಮೇಲೆ ನೋಡು."

"ಅದಾಗಲ್ಲ ಜೆನ್. ನಾನು ಯಾರ್ಯಾರಿಗೆ ಕೊಡಬೇಕು ಅಂತ ಕೋರ್ಟಿಗೆ ಹೇಳುವಾಗ ಲಾಯರು ನಿನ್ನ ಹೆಸರೂ ಸೇರಿಸಿದ್ದ. ನೀನು ನನ್ನ ಪರವಾಗಿ ಕಟ್ಟಿದ್ದನ್ನ ನಿಂಗೆ ವಾಪಸ್ ಕೊಡೋದೂ ಮನ್ನಾ ಆಯ್ತು. ಕಾನೂನು ಪ್ರಕಾರ ನೀನೂ ಕೇಳೋ ಹಾಗಿಲ್ಲ."

ಅವಳ ಮೈಯೆಲ್ಲ ಉರಿದುಹೋಯಿತು. ತನ್ನ ಕೈತುತ್ತು ತಿಂದು ಬೆಳೆದವನು ಸಾಲ ಕೊಟ್ಟವರ ಪಟ್ಟಿಯಲ್ಲಿ ಬ್ಯಾಂಕಿನ ಜೊತೆ ತನ್ನನ್ನೂ ನಿಲ್ಲಿಸಿ ಕೈ ತೊಳೆದುಕೊಂಡಿದ್ದ, ಅದನ್ನು ಇಷ್ಟು ದಿನ ಹೇಳಿಯೂ ಇರಲಿಲ್ಲ. ಸರದಿಯಲ್ಲಿದ್ದವರೆಲ್ಲ ತಟ್ಟೆ ನೋಡುತ್ತ ನಿಂತರು.

"ಸರಿ, ಕೇಳಲ್ಲ," ಎಂದು ಜೆನ್ ಅವನ ಕೈಯಿಂದ ತಟ್ಟೆ ಕಿತ್ತುಕೊಂಡು ಸ್ಟಾಷ್‌ಗೆ ಕೊಟ್ಟಳು. "ಬಡಿಸು ಅಂತ ನಂಗೂ ಯಾವ ಕೋರ್ಟೂ ಹೇಳಿಲ್ಲ. ಜಾಗ ಬಿಡು, ಹಿಂದೆ ಜನ ಇದಾರೆ."

"ಮೇಡಂ, ಲೈನಲ್ಲಿದೀರಾ?" ಫೋನು ಇನ್ನೂ ಕೇಳುತ್ತಿತ್ತು.

"ಇದೀನಪ್ಪ. ಎಲ್ಲಿಗ್ ಹೋಗ್ಲಿ."

ಜೂನ್‌ನಲ್ಲಿ ಅವಳು ನಿವೃತ್ತಿಯಾಗಲಿಲ್ಲ. ಸೆಪ್ಟೆಂಬರಿನಲ್ಲಿ ಮತ್ತೆ ಅದೇ ಬಸ್ಸು, ಅದೇ ಮಂಡಿನೋವು, ತಿಂಗಳು ತಿಂಗಳು ಕಂತು. ಡಾಲ್ಟನ್ ಫೋನು ಮಾಡಿದರೆ ಎತ್ತುತ್ತಾಳೆ. ಲೆನಿ ಮಾಡಿದರೆ ಎತ್ತುವುದಿಲ್ಲ.