ನೀರು ಕುಡಿಸಿದ ಸ್ಟೂಲು

ನೆನೆದ ಮರ ಒಣಗುವಾಗ ಒಂದು ಹುಳಿ ವಾಸನೆ ಬರುತ್ತದೆ. ಶನಿವಾರಗಳಂದು ಕೊಕ್ಕರ್ಣೆ ಕಡೆಯ ಶಾಲೆಯೊಂದರಲ್ಲಿ ಮುರುಕು ಬೆಂಚು, ಕುರ್ಚಿಗಳನ್ನು ಪುಕ್ಕಟೆಯಾಗಿ ರಿಪೇರಿ ಮಾಡಿಕೊಡುತ್ತೇನೆ. ಮೊನ್ನೆ ಅಲ್ಲಿ ಅಡುಗೆ ಮಾಡುವ ಹೆಂಗಸು ಮಳೆಗೆ ಬಿದ್ದಿದ್ದ ಸ್ಟೂಲೊಂದನ್ನು ತಂದಿಟ್ಟು, "ಹ್ವಾಯ್, ಇದ್ರ ಕಾಲ್ ಅಲ್ಲಾಡ್ತಿತ್ತ್. ನೀರ್ ಕುಡ್ದ್ ತನ್ನಷ್ಟಕ್ಕೇ ಗಟ್ಟಿ ಆಯ್ತ್ ಕಾಣಿ," ಎಂದು ನಕ್ಕರು. ನನಗೆ ನಗು ಬರಲಿಲ್ಲ. ಆ ವಾಸನೆಗೆ ಹಂಗಾರಕಟ್ಟೆಯ ನಮ್ಮ ಮನೆ ಎದ್ದು ಬಂದಿತ್ತು.

ಆ ಮನೆ ಈಗಿಲ್ಲ. ಹೊಳೆಬದಿಯಲ್ಲಿ, ಅಪ್ಪಯ್ಯ ದೋಣಿ ಕಟ್ಟುವ ಚಪ್ಪರಕ್ಕೆ ಅಂಟಿಕೊಂಡಿತ್ತು. ಅನ್ನಕ್ಕೂ ಮೀನೆಣ್ಣೆಯ ವಾಸನೆ, ಹಾಸಿಗೆಯಲ್ಲೂ ಮರದ ಹೊಟ್ಟು. ನಿಮ್ಮದೂ ಇಂಥದೊಂದು ಮನೆ ಅಳಿದಿದ್ದರೆ, ಅದು ಮೂಗಿನಲ್ಲಿ ಎಷ್ಟು ಕಾಲ ಉಳಿಯುತ್ತದೆಂದು ನಿಮಗೆ ಗೊತ್ತು. ಐದನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಅಲ್ಲೇ ಉಳಿ ಹಿಡಿದೆ. ಹೊಸ ದೋಣಿಯ ಹಲಗೆ ಸಂದಿಯಲ್ಲಿ ನೀರು ಒಸರಿದರೆ ಅಪ್ಪಯ್ಯ, "ಮರಕ್ಕೆ ನೀರ್ ಕುಡ್ಸ್, ಅದೇ ಬಿಗಿತ್ತ್," ಎನ್ನುತ್ತಿದ್ದರು. ಎರಡು ದಿನ ಹೊಳೆಯಲ್ಲಿ ಬಿಟ್ಟರೆ ಮರ ಉಬ್ಬಿ ಸಂದಿ ಮುಚ್ಚಿಕೊಳ್ಳುತ್ತಿತ್ತು.

ಅಡುಗೆಮನೆಯ ಸ್ಟೂಲಿನ ಒಂದು ಕಾಲು ಸಡಿಲವಾಗಿತ್ತು. ಬೆಣೆ ಹೊಡೆದುಕೊಡು ಎಂದು ನನ್ನ ಒಡಹುಟ್ಟಿದ ಗಿರಿಜಕ್ಕ ವಾರದಿಂದ ಹೇಳುತ್ತಿದ್ದಳು. ನಾನು ನಾಳೆ, ನಾಳೆ ಎನ್ನುತ್ತಿದ್ದೆ. "ನಿನ್ ನಾಳೆ ಎಷ್ಟ್ ಉದ್ದ ಮಾರಾಯಾ, ಶಿರೂರಿಗ್ ಮುಟ್ಟತ್ತಾ?" ಎಂದು ಎಲ್ಲರೆದುರು ಅಣಕಿಸಿದಳು. ಸಿಟ್ಟಿನಲ್ಲಿ ಸ್ಟೂಲನ್ನು ಒಯ್ದು ಬೆಳಗಿನಿಂದ ಬೈಗಿನವರೆಗೆ ಹೊಳೆಯಲ್ಲಿ ಮುಳುಗಿಸಿಟ್ಟು, ಒರೆಸಿ ತಂದೆ. ಕಾಲು ಕಲ್ಲಿನಂತೆ ನಿಂತಿತು. "ಬೆಣೆ ಹೊಡ್ದ್ಯಾ?" ಎಂದಳು. "ಹೊಡ್ದೆ. ಹತ್ತ್ ಕಾಂಬ," ಎಂದೆ. ದೋಣಿ ನೀರಲ್ಲೇ ಇರುತ್ತದೆ, ಸ್ಟೂಲು ಇರುವುದಿಲ್ಲ. ಒಣಗಿದ ಮೇಲೆ ಕಾಲು ಮೊದಲಿಗಿಂತ ಸಡಿಲಾಗುತ್ತದೆ. ಅದು ನನಗೆ ಗೊತ್ತಿತ್ತು.

ಆರನೆಯ ದಿನ ಅಕ್ಕ ಉಪ್ಪಿನಕಾಯಿ ಭರಣಿ ಇಳಿಸಲು ಅದನ್ನು ಹತ್ತಿದಳು. ನಾನು ಓಡಿ ಬಂದಾಗ ಸ್ಟೂಲಿನ ಕಾಲು ಒಂದೆಡೆ, ಅವಳು ಒಂದೆಡೆ. ಸೊಂಟ ಮುರಿದಿತ್ತು. "ಸ್ಟೂಲಿಗ್ ಎಂತ ಆಯ್ತೇ?" ಎಂದು ನಮ್ಮನ್ನು ಹೆತ್ತ ಅಬ್ಬಿ ಕೂಗಿದರು. ಅಕ್ಕ ನನ್ನನ್ನೇ ನೋಡಿದಳು. "ಸ್ಟೂಲ್ ಎಂತ ಮಾಡತ್ತ್? ನಂಗೇ ತಲೆ ತಿರ್ಗಿತ್," ಎಂದಳು. ಮತ್ತೆ ಅವಳು ನೆಟ್ಟಗೆ ನಡೆಯಲಿಲ್ಲ. ನೋಡಲು ಬರಬೇಕಿದ್ದ ಬ್ರಹ್ಮಾವರದ ಗಂಡಿನವರು ಬರಲೇ ಇಲ್ಲ.

ಹೋದ ಮಳೆಗಾಲದಲ್ಲಿ, ಹಾಸಿಗೆ ಹಿಡಿದಿದ್ದ ಅಕ್ಕ ಗಂಜಿ ಕುಡಿಯುತ್ತಿದ್ದವಳು ಚಮಚ ನಿಲ್ಲಿಸಿ ಕೇಳಿದಳು: "ಅವತ್ತ್ ನೀನ್ ಬೆಣೆ ಹೊಡ್ದಿದ್ಯಾ?" ನನ್ನ ತಲೆ ನರೆತಿತ್ತು. ಹೆದರಬೇಕಾದ ಅಪ್ಪಯ್ಯ ಹೋಗಿ ಎಷ್ಟೋ ಕಾಲವಾಗಿತ್ತು. ಆದರೂ, "ಹೊಡ್ದಿದ್ದೆ ಅಕ್ಕಾ," ಎಂದೆ. "ಹೌದಾ," ಎಂದು ಅವಳು ಗೋಡೆಯ ಕಡೆ ತಿರುಗಿದಳು. ಮತ್ತೆರಡು ದಿನಕ್ಕೆ ತೀರಿಹೋದಳು.

ಶಾಲೆಯ ಸ್ಟೂಲನ್ನು ಜಗಲಿಯ ಗಾಳಿಗಿಟ್ಟು ಬಂದಿದ್ದೇನೆ. ಪೂರ್ತಿ ಒಣಗಲಿ, ಕಾಲು ಎಷ್ಟು ಸಡಿಲಾಗಬೇಕೋ ಅಷ್ಟೂ ಆಗಲಿ. ಆಮೇಲೆ ಬೆಣೆ ಹೊಡೆಯುತ್ತೇನೆ. ಹೊಡ್ದ್ಯಾ ಎಂದು ಕೇಳುವವರು ಈಗ ಯಾರೂ ಇಲ್ಲ.