ಒಟ್ಟು ಹೊಗೆ, ತಲಾ ಹೊಗೆ

ಶೃಂಗೇರಿ ತಾಲ್ಲೂಕಿನ ಹೈಸ್ಕೂಲೊಂದರಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಒಂದು ವರ್ಷ ಕೊಪ್ಪದ ವಿಜ್ಞಾನ ವಸ್ತುಪ್ರದರ್ಶನಕ್ಕೆಂದು ಕೆರೆಕಟ್ಟೆ ಕಡೆಯ ಹತ್ತನೇ ತರಗತಿ ಹುಡುಗಿಯೊಬ್ಬಳು ಚಾರ್ಟ್ ಬರೆದಳು. ಯಾವ ದೇಶ ಎಷ್ಟು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ ಎನ್ನುವ ಹೋಲಿಕೆ. ಚೀನಾದ ಕಂಬ ಎಲ್ಲಕ್ಕಿಂತ ಎತ್ತರ, ಆಮೇಲೆ ಅಮೆರಿಕ, ಮೂರನೆಯದು ನಮ್ಮದು.

ಸ್ಟಾಫ್ ರೂಮಿನಲ್ಲಿ ಅದನ್ನು ನೋಡಿದ ಸಮಾಜ ವಿಜ್ಞಾನದ ಮೇಷ್ಟ್ರಿಗೆ ಸಿಟ್ಟು ಬಂತು.

“ಎಂತ ಮೇಡಂ ಇದು? ನಮ್ಮ ದೇಶದ ಮಾನ ಕೊಪ್ಪದಲ್ಲಿ ಹರಾಜು ಹಾಕೋದಾ? ನಮ್ಮಲ್ಲಿ ಜನ ಎಷ್ಟಿದಾರೆ ಅಂತ ನೋಡ್ಬೇಡ್ವಾ?”

ಅವರು ಹೇಳಿದ್ದು ಸರಿಯೇ. ಹುಡುಗಿ ಆಯಾ ದೇಶದ ಲೆಕ್ಕವನ್ನು ಅಲ್ಲಿನ ಜನಸಂಖ್ಯೆಯಿಂದ ಭಾಗಿಸಿ ಇನ್ನೊಂದು ಚಾರ್ಟ್ ಬರೆದಳು. ಈಗ ಅಮೆರಿಕ ಚೀನಾವನ್ನು ಮೀರಿತು, ನಮ್ಮ ಕಂಬ ಗಿಡ್ಡವಾಯಿತು. ಮೇಷ್ಟ್ರ ಮುಖ ಅರಳಿತು. “ಇದೊಂದೇ ಸಾಕು. ಹಳೇದನ್ನ ಸುತ್ತಿಡಿ.”

ಅವರು ಹೋದಮೇಲೆ ಹುಡುಗಿ ಕೇಳಿದಳು: “ಇದ್ರಲ್ಲಿ ಯಾವ್ದು ತಪ್ಪು ಮಿಸ್?”

“ಯಾವ್ದೂ ಅಲ್ಲ. ಭೂಮಿ ಬಿಸಿ ಆಗೋದು ಒಟ್ಟು ಎಷ್ಟು ಹೊಗೆ ಮೇಲೆ ಹೋಯ್ತು ಅನ್ನೋದ್ರಿಂದ. ಯಾರ ಪಾಲು ಎಷ್ಟು ಅಂತ ಕೇಳಿದ್ರೆ ತಲಾ ಲೆಕ್ಕ ಬೇಕು.”

“ಹಾಗಿದ್ರೆ ಎರಡನ್ನೂ ತಗೊಂಡು ಹೋಗೋಣ.”

ಕೊಪ್ಪದಲ್ಲಿ ತೀರ್ಪುಗಾರರು ನಮ್ಮ ಮೇಜಿನ ಮುಂದೆ ನಿಂತು ತಲೆಯಾಡಿಸಿದರು. “ಒಂದ್ರಲ್ಲಿ ನಾವು ಮುಂದೆ, ಇನ್ನೊಂದ್ರಲ್ಲಿ ಹಿಂದೆ. ನೋಡೋರಿಗೆ ಗೊಂದಲ ಆಗತ್ತಮ್ಮ. ಮೊದಲ್ನೇದು ತೆಗೆದ್ರೆ ಬಹುಮಾನಕ್ಕೆ ನೋಡ್ಬಹುದು.”

ಹುಡುಗಿ ನನ್ನ ಕಡೆ ತಿರುಗಿದಳು. ನಮ್ಮ ಶಾಲೆಗೆ ಅದುವರೆಗೆ ಒಂದು ಬಹುಮಾನವೂ ಬಂದಿರಲಿಲ್ಲ.

“ಎರಡೂ ಇರ್ಲಿ ಸರ್,” ಎಂದೆ. “ಒಂದು ತೆಗೆದ್ರೆ ಅರ್ಧ ಮಾತ್ರ ಹೇಳಿದ ಹಾಗಾಗತ್ತೆ.”

ಅವರು ಮುಂದಿನ ಮೇಜಿಗೆ ಹೋದರು.

ಮಧ್ಯಾಹ್ನ ನರಸಿಂಹರಾಜಪುರದ ತೋಟದ ಯಜಮಾನರೊಬ್ಬರು ಬಂದು ಎರಡೂ ಚಾರ್ಟ್ ನೋಡಿ, “ಜಾಸ್ತಿ ಬಿಟ್ಟವರು ಮೊದ್ಲು ನಿಲ್ಲಿಸ್ಲಿ ಮಾರಾಯ್ತಿ, ನಮಗೆಂತಕ್ಕೆ ಪಾಠ?” ಎಂದರು.

“ಅವ್ರು ನಮಗಿಂತ ಬೇಗ ಇಳಿಸ್ಬೇಕು, ಹೌದು,” ಎಂದಳು ಹುಡುಗಿ. “ಆದ್ರೆ ಒಟ್ಟು ಲೆಕ್ಕದಲ್ಲಿ ನಾವೂ ಇದೀವಲ್ಲ. ನಾವು ಏರಿಸ್ತಾ ಹೋದ್ರೆ ಮಳೆ ಕೆಡೋದು ನಮ್ಮ ತೋಟಕ್ಕೂ ಅಲ್ವಾ?”

ಅವರು ಕುರ್ಚಿ ಎಳೆದುಕೊಂಡು ಕೂತೇ ಬಿಟ್ಟರು. ವಾದ ಊಟದ ಹೊತ್ತು ಮೀರಿ ನಡೆಯಿತು. ಸುತ್ತ ಜನ ಸೇರಿದರು. ಅವಳು ನಡುವೆ ನೀರು ಕುಡಿದು ಮತ್ತೆ ಶುರುಮಾಡಿದಳು.

ಬಹುಮಾನ ಬರಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ಅವಳು ಸ್ವಲ್ಪ ಅತ್ತಳು. ಶೃಂಗೇರಿ ಹತ್ತಿರ ಬರುತ್ತಿದ್ದಂತೆ ಕಣ್ಣೊರೆಸಿಕೊಂಡು, ಹಿಂದಿನ ವರ್ಷಗಳ ಹೊಗೆಯನ್ನೂ ಕೂಡಿಸಿದರೆ ಕಂಬಗಳು ಹೇಗೆ ಬದಲಾಗುತ್ತವೆ ಎಂದು ಕೇಳಿದಳು.

ಆ ಮೂರನೇ ಚಾರ್ಟನ್ನು ಮರುವಾರವೇ ಬರೆದೆವು; ಅದರಲ್ಲಿ ಅಮೆರಿಕದ ಕಂಬ ಎಲ್ಲಕ್ಕಿಂತ ಎತ್ತರ ಬಂತು. ಈಗ ಪ್ರತಿ ವರ್ಷ ಮಕ್ಕಳಿಂದ ಮೂರನ್ನೂ ಬರೆಸುತ್ತೇನೆ. ಒಂದು ಸಾಕು ಎನ್ನುವವರು ಇದ್ದೇ ಇದ್ದಾರೆ. ಅವರನ್ನೂ ಕೂರಿಸಿಕೊಂಡು ವಿವರಿಸುತ್ತೇನೆ.